ಪದಚರ್ಚೆ: ಹಳೆ ಸೀಡಿ ಪ್ಲೇಯರಿನ ಒಳಗೆ ಮಾಡುವ ಕೆಲಸಕ್ಕೆ ಎಷ್ಟು ಪದ ಬೇಕು?

ಪ್ರಶ್ನೆ, ನೀರ್ಚಾಲಿನಿಂದ

ಮಾನ್ಯರೆ,

1980ರ ದಶಕದ ಸೀಡಿ ಪ್ಲೇಯರುಗಳನ್ನು ಮನೆಯಲ್ಲೇ ಬಿಚ್ಚಿ ಸರಿಮಾಡುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಗಲ್ಫಿನಿಂದ ಬಂದ ಸೆಟ್ಟುಗಳು ಕಾಸರಗೋಡಿನ ಕಡೆ ಎಷ್ಟೋ ಮನೆಗಳ ಅಟ್ಟದಲ್ಲಿ ಈಗಲೂ ಉಂಟು. ತೂಕದ ಟ್ರಾನ್ಸ್‌ಫಾರ್ಮರು, ದಪ್ಪ ತಗಡಿನ ಪೆಟ್ಟಿಗೆ, ಕಣ್ಣಿಗೆ ಕಾಣುವಷ್ಟು ದೊಡ್ಡ ಬಿಡಿಭಾಗಗಳು. ಕಲಿಯುವ ಕೈಗೆ ಒಗ್ಗುವ ಯಂತ್ರಗಳು ಅವು. ಕೆಲಸ ಹೇಗೆಂದು ಗೊತ್ತಿದ್ದರೂ ಬರೆಯಲು ಕೂತಾಗ ಪದಗಳು ಕೈಕೊಡುತ್ತಿವೆ.

ದೊಡ್ಡ ತೊಡಕು ಕೆಲಸದ ಹೆಸರಿನದ್ದೇ. ಅಂಗಡಿಯಲ್ಲಿ ಎಲ್ಲವೂ ‘ರಿಪೇರಿ’. ಹವ್ಯಾಸಿಗಳ ಬಾಯಲ್ಲಿ ಎಲ್ಲವೂ ‘ಮೋಡ್’. ಪತ್ರಿಕೆಗಳ ‘ಉನ್ನತೀಕರಣ’, ‘ಮೇಲ್ದರ್ಜೆಗೇರಿಸುವುದು’ ಆಸ್ಪತ್ರೆಗೆ, ಶಾಲೆಗೆ ಸರಿ, ಕೆಪಾಸಿಟರಿಗೆ (ವಿದ್ಯುತ್ತನ್ನು ಹಿಡಿದಿಟ್ಟು ಬಿಡುವ ಬಿಡಿಭಾಗಕ್ಕೆ) ಭಾರ. ಕರಡಿನಲ್ಲಿ ‘ಮಾರ್ಪಾಡು’ ಎಂಬ ಒಂದೇ ಪದ ಬಳಸಿದ್ದೇನೆ. ಆದರೆ ಒಂದೇ ಪುಟದಲ್ಲಿ ಈ ಮೂರು ಸಂಗತಿ ಬರುತ್ತವೆ. ಒಂದು, ಒಣಗಿದ 1000 ಮೈಕ್ರೊಫ್ಯಾರಡ್, 25 ವೋಲ್ಟಿನ ಕೆಪಾಸಿಟರ್ ತೆಗೆದು ಅದೇ ಅಳತೆಯ ಹೊಸತನ್ನು ಹಾಕುವುದು. ಎರಡು, ಔಟ್‌ಪುಟ್ಟಿನ ಆಪ್‌ಆಂಪ್ (ಸಂಕೇತವನ್ನು ಬಲಪಡಿಸುವ ಚಿಪ್ಪು) ತೆಗೆದು, ಅದೇ ಎಂಟು ಕಾಲಿನ ಜಾಗದಲ್ಲಿ ಅದಕ್ಕಿಂತ ಒಳ್ಳೆಯದನ್ನು ಕೂರಿಸುವುದು. ಮೂರು, ಡಿಜಿಟಲ್ ಫಿಲ್ಟರ್ ಚಿಪ್ಪನ್ನೇ ಕಿತ್ತು, ಸಂಕೇತವನ್ನು ನೇರವಾಗಿ ಪರಿವರ್ತಕಕ್ಕೆ (ಅಂಕೆಗಳನ್ನು ಧ್ವನಿಯ ಸಂಕೇತವಾಗಿಸುವ ಚಿಪ್ಪಿಗೆ) ಕೊಡುವುದು. ಮೂರಕ್ಕೂ ‘ಮಾರ್ಪಾಡು’ ಎಂದರೆ ಓದುವವನಿಗೆ ಎಂತ ತಿಳಿಯುತ್ತದೆ?

ಇನ್ನು ಸಣ್ಣ ಸಂದೇಹಗಳು. ಕೆಪಾಸಿಟರಿಗೆ ಶಾಲೆಯ ಪುಸ್ತಕದ ‘ಧಾರಕ’ ಬೇಕೋ, ಬಾಯಿಮಾತಿನ ‘ಕಂಡೆನ್ಸರ್’ ಸಾಕೋ? ಸೋಲ್ಡರಿಂಗಿಗೆ ‘ಬೆಸುಗೆ’ ಎಂದರೆ ಗೇಟು ವೆಲ್ಡಿಂಗ್ ಮಾಡಿದ ಹಾಗೆ ಕೇಳುತ್ತದೆಯೇ? ಸೋಲ್ಡರಿಂಗ್ ಐರನ್ನಿನ ತುದಿಗೆ, ತಂತಿಯ ತುದಿಗೆ ಮೊದಲು ತೆಳ್ಳಗೆ ಸೋಲ್ಡರ್ ಹಿಡಿಸುವ ಕೆಲಸಕ್ಕೆ ನಮ್ಮಲ್ಲಿ ಹೆಸರು ಉಂಟೇ? ‘ಲೆನ್ಸ್’, ‘ಅರ್ತ್’ ಎಂಬ ಎರಡು ಪದಗಳೂ ಕರಡಿನಲ್ಲಿ ಗೊಂದಲ ಮಾಡುತ್ತಿವೆ. ಬಲ್ಲವರು ದಯವಿಟ್ಟು ಹೇಳಬೇಕು.


ಉತ್ತರ, ಕುಂಬಳೆಯಿಂದ

ನೀರ್ಚಾಲಿನವರು ಕೊಟ್ಟದ್ದು ಮೂರು ಬೇರೆ ಬೇರೆ ಕೆಲಸ. ಮೂರಕ್ಕೂ ಒಂದೇ ಹೆಸರಿಟ್ಟರೆ ಹತ್ತು ವರ್ಷ ಕಳೆದು ಆ ಪೆಟ್ಟಿಗೆ ತೆರೆಯುವವನು ದಾರಿ ತಪ್ಪುತ್ತಾನೆ. ಬೇರ್ಪಡಿಸಲು ಒಂದು ಸುಲಭದ ಅಳತೆಗೋಲು ಉಂಟು: ಆ ಮಾದರಿಯ ಸರ್ವಿಸ್ ಮ್ಯಾನ್ಯುವಲಿನ ಸರ್ಕ್ಯೂಟ್ ನಕ್ಷೆಯನ್ನು ಪಕ್ಕದಲ್ಲಿಡಿ. ಕೆಲಸ ಮುಗಿದ ಮೇಲೂ ನಕ್ಷೆಯ ಗೆರೆ, ಭಾಗ, ಅಳತೆ ಎಲ್ಲವೂ ಸರಿಯಾಗಿಯೇ ಇದ್ದರೆ ಅದು ಒಂದು ಜಾತಿ. ಗೆರೆ ಸರಿ ಇದ್ದು ಭಾಗದ ಹೆಸರೋ ಅಳತೆಯೋ ಬದಲಾಗಿದ್ದರೆ ಎರಡನೆಯದು. ಗೆರೆಯೇ ಸುಳ್ಳಾದರೆ ಮೂರನೆಯದು. ‘ಮಾರ್ಪಾಡು’ ಎಂಬುದನ್ನು ಈ ಮೂರನೆಯದಕ್ಕೆ ಮಾತ್ರ ಕಾದಿರಿಸಬೇಕು.

ಮೊದಲನೆಯದಕ್ಕೆ ನಮ್ಮ ಕಡೆಯ ಪದ ‘ಜೀರ್ಣೋದ್ಧಾರ’. ಗುಡಿಯ ಮಾಡಿನಲ್ಲಿ ಕುಂಬು ಹಿಡಿದ (ಕೊಳೆತ) ಪಕ್ಕಾಸನ್ನು, ಅಂದರೆ ಮಾಡಿನ ಮರದ ಪಟ್ಟಿಯನ್ನು, ತೆಗೆದು ಅದೇ ಅಳತೆಯ ಹೊಸ ಪಕ್ಕಾಸು ಇಡುತ್ತಾರೆ, ಆಯ ತಪ್ಪಬಾರದು. ಕೆಪಾಸಿಟರಿನ ಕೆಲಸವೂ ಹಾಗೆಯೇ. ಮೈಕ್ರೊಫ್ಯಾರಡ್ ಅಷ್ಟೇ ಇರಬೇಕು. ವೋಲ್ಟ್ ಅಷ್ಟೇ ಅಥವಾ ಒಂದು ಮೆಟ್ಟಿಲು ಹೆಚ್ಚು ಇರಲಿ. ಉಷ್ಣತೆಯ ಗುರುತು 85ರ ಬದಲು 105 ಡಿಗ್ರಿಯದ್ದಾಗಿರಲಿ. ಕಾಲುಗಳ ನಡುವಿನ ಅಂತರ 5 ಮಿಲಿಮೀಟರೋ 7.5 ಮಿಲಿಮೀಟರೋ ಎಂದು ಅಳೆದೇ ತರಬೇಕು. ಕಾಲು ಅಗಲಿಸಿ ತುರುಕಿದರೆ ತಳದ ರಬ್ಬರು ಬಿರಿದು ಹೊಸ ಕೆಪಾಸಿಟರೂ ಬೇಗ ಒಣಗುತ್ತದೆ. ಕಳಚುವ ಮೊದಲು ಋಣದ ಗುರುತು ಯಾವ ಕಡೆಗೆ ಇತ್ತೆಂದು ಫೋಟೊ ತೆಗೆದಿಡಬೇಕು. ಬೋರ್ಡಿನ ಮೇಲೆ ಅಚ್ಚಾದ ಗುರುತು ಕೆಲವು ಕಂಪೆನಿಗಳಲ್ಲಿ ಧನದ ಕಾಲಿನದ್ದು, ಕೆಲವದರಲ್ಲಿ ಋಣದ್ದು. ತಿರುಗುಮುರುಗಾದರೆ ಬಿಸಿಯೇರಿ ಒಡೆಯುತ್ತದೆ.

ಫಿಲಿಪ್ಸ್ ಸಿಡಿ 104ರ ಕಾಲದ ಯಂತ್ರಗಳಲ್ಲಿ ಇನ್ನೊಂದು ಜೀರ್ಣೋದ್ಧಾರ ಬೇಕಾಗುತ್ತದೆ. ಬೋರ್ಡಿನ ಮೇಲಿನ ತಾಮ್ರಕ್ಕೂ ಕೆಳಗಿನ ತಾಮ್ರಕ್ಕೂ ಸಂಪರ್ಕ ಕೊಡಲು ಟೊಳ್ಳು ರಿವೆಟ್ ಹಾಕಿದ್ದಾರೆ. ಕಾಯುತ್ತಾ ತಣಿಯುತ್ತಾ ವರ್ಷ ಕಳೆದಂತೆ ಅದರ ಸುತ್ತಲಿನ ಸೋಲ್ಡರ್ ಬಿರುಕು ಬಿಡುತ್ತದೆ. ಸೆಟ್ಟು ಬಿಸಿಯಾದ ಮೇಲೆ ನಿಲ್ಲುವುದು, ಮೇಜಿಗೆ ತಟ್ಟಿದರೆ ಪುನಃ ಹಾಡುವುದು ಇದರ ಲಕ್ಷಣ. ಬರೇ ಮೇಲಿನಿಂದ ಸೋಲ್ಡರ್ ಕರಗಿಸಿದರೆ ಸಾಲದು. ಹಳೆಯದನ್ನು ಹೀರಿ ತೆಗೆದು, ತೂತಿನೊಳಗೆ ಒಂದು ತಾಮ್ರದ ಎಳೆ ತೂರಿಸಿ, ಎರಡೂ ಕಡೆ ಸೋಲ್ಡರ್ ಮಾಡಬೇಕು. ನಕ್ಷೆಯ ಲೆಕ್ಕದಲ್ಲಿ ಏನೂ ಬದಲಾಗಲಿಲ್ಲ, ಆದ್ದರಿಂದ ಇದು ಮಾರ್ಪಾಡು ಅಲ್ಲ.

ಎರಡನೆಯದಕ್ಕೆ ‘ಸುಧಾರಣೆ’ ಸಾಕೆಂದು ಕಾಣುತ್ತದೆ. ಕರಾವಳಿಯಲ್ಲಿ ‘ಸುಧಾರಿಸು’ ಎಂದರೆ ದಣಿವಾರಿಸಿಕೊಳ್ಳುವುದೂ ಹೌದು, ಇದ್ದದ್ದರಲ್ಲಿ ನಿಭಾಯಿಸುವುದೂ ಹೌದು. ಆದರೂ ಯಂತ್ರದ ಮಾತು ಬಂದಾಗ ತಪ್ಪು ತಿಳಿಯುವವರು ಇರಲಾರರು. ಆಪ್‌ಆಂಪಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಎನ್‌ಇ 5532, ಎಲ್‌ಎಂ 833, ಒಪಿಎ 2134 ಮೂರೂ ಎರಡೆರಡು ಆಂಪ್ಲಿಫೈಯರ್ ಇರುವ ಎಂಟು ಕಾಲಿನ ಚಿಪ್ಪುಗಳು, ಒಂದರ ಜಾಗದಲ್ಲಿ ಒಂದು ಕೂರುತ್ತದೆ. ಎನ್‌ಇ 5534 ಎಂಬುದಕ್ಕೂ ಎಂಟೇ ಕಾಲು, ಆದರೆ ಒಳಗೆ ಒಂದೇ ಆಂಪ್ಲಿಫೈಯರ್. ಕಾಲುಗಳ ಕ್ರಮ ಬೇರೆ. ಹೆಸರಿನ ಕೊನೆಯ ಒಂದು ಅಂಕೆ ನೋಡದೆ ಹಾಕಿದರೆ ಚಿಪ್ಪು ಸುಡಬಹುದು. ಹಳೆಯದನ್ನು ತೆಗೆದ ಜಾಗದಲ್ಲಿ ಎಂಟು ಕಾಲಿನ ಸಾಕೆಟ್ ಸೋಲ್ಡರ್ ಮಾಡಿ, ಹಳೆ ಚಿಪ್ಪನ್ನು ಪೆಟ್ಟಿಗೆಯೊಳಗೇ ಜೋಪಾನ ಮಾಡಿಟ್ಟರೆ ಮತ್ತೊಬ್ಬ ಅದನ್ನು ಮರಳಿ ಕೂರಿಸಬಹುದು. ವೇಗದ ಚಿಪ್ಪು ಹಾಕಿದವರು 8ನೇ ಕಾಲಿನಿಂದ ಒಂದು, 4ನೇ ಕಾಲಿನಿಂದ ಒಂದು 0.1 ಮೈಕ್ರೊಫ್ಯಾರಡ್ ಕೆಪಾಸಿಟರನ್ನು ಬೋರ್ಡಿನ ಸೊನ್ನೆ ಗೆರೆಗೆ (ಗ್ರೌಂಡಿಗೆ), ಕಾಲಿನ ಬುಡದಲ್ಲೇ ಕೊಡಬೇಕು. ಇಲ್ಲದಿದ್ದರೆ ಕಿವಿಗೆ ಕೇಳದ ಎತ್ತರದ ಆವರ್ತನದಲ್ಲಿ ಅದು ತಾನೇ ಕಂಪಿಸತೊಡಗುತ್ತದೆ. ಹಾಡು ಸ್ವಲ್ಪ ಒರಟಾಗಿ ಕೇಳುತ್ತದೆ, ಚಿಪ್ಪು ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಕೂರಿಸಿದ ಮೇಲೆ ಹಾಡು ನಿಲ್ಲಿಸಿ ಆಪ್‌ಆಂಪಿನ ಔಟ್‌ಪುಟ್ ಕಾಲುಗಳಾದ 1 ಮತ್ತು 7ರಲ್ಲಿ ಡಿಸಿ ಅಳೆಯಿರಿ. ಕೆಲವು ಮಿಲಿವೋಲ್ಟ್ ಇದ್ದರೆ ತೊಂದರೆ ಇಲ್ಲ, ವೋಲ್ಟಿನ ಲೆಕ್ಕದಲ್ಲಿ ಇದ್ದರೆ ಕೂಡಲೇ ಆರಿಸಿ.

ಔಟ್‌ಪುಟ್ ದಾರಿಯ ಎಲೆಕ್ಟ್ರೊಲಿಟಿಕ್ (ಒಳಗೆ ದ್ರವ ಇದ್ದು ಒಣಗುವ ಜಾತಿಯ) ಕೆಪಾಸಿಟರ್ ತೆಗೆದು ಫಿಲ್ಮ್ (ತೆಳು ಪ್ಲಾಸ್ಟಿಕ್ ಹಾಳೆಯ) ಕೆಪಾಸಿಟರ್ ಹಾಕುವುದೂ ಸುಧಾರಣೆಯೇ. ಇಲ್ಲಿ ಅಳತೆ ಬದಲಿಸಲೇಬೇಕಾಗುತ್ತದೆ, ಯಾಕೆಂದರೆ 47 ಮೈಕ್ರೊಫ್ಯಾರಡಿನ ಫಿಲ್ಮ್ ಪೆಟ್ಟಿಗೆಯೊಳಗೆ ಹಿಡಿಸುವುದಿಲ್ಲ. 10 ಕಿಲೊಓಮ್ ಇನ್‌ಪುಟ್ ಇರುವ ಆಂಪ್ಲಿಫೈಯರಿಗೆ 4.7 ಮೈಕ್ರೊಫ್ಯಾರಡ್ ಕೊಟ್ಟರೆ ತಗ್ಗುಸ್ವರ ಇಳಿಯತೊಡಗುವುದು ಸುಮಾರು 3.4 ಹರ್ಟ್ಸಿನಲ್ಲಿ, ಅಷ್ಟು ಧಾರಾಳ. ದಶಾಂಶ ಬಿಂದು ಒಂದು ಮನೆ ಆಚೀಚೆಯಾಗಿ 0.47 ಆದರೆ 34 ಹರ್ಟ್ಸ್ ಆಯಿತು, ಚೆಂಡೆಯ ಜೊತೆಯ ಮದ್ದಳೆಯ ತುಂಬು ನಾದ ಸೊರಗುತ್ತದೆ. ಕೈಪಿಡಿಯಲ್ಲಿ ದಶಾಂಶ ಬಿಂದುವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಎಂದು ಇಲ್ಲೇ ಕೇಳಿಕೊಳ್ಳುತ್ತೇನೆ.

ಇನ್ನು ಮಾರ್ಪಾಡು. ಟಿಡಿಎ 1541ಎ ಪರಿವರ್ತಕ ಇರುವ ಎಷ್ಟೋ ಯಂತ್ರಗಳಲ್ಲಿ ಅದರ ಹಿಂದೆ ಎಸ್‌ಎಎ 7220 ಎಂಬ ಡಿಜಿಟಲ್ ಫಿಲ್ಟರ್ ಇರುತ್ತದೆ. ಸೆಕೆಂಡಿಗೆ 44,100 ಮಾದರಿಗಳನ್ನು ಅದು ನಾಲ್ಕು ಪಟ್ಟು ಮಾಡಿ ಕೊಡುತ್ತದೆ. ಅದನ್ನು ಕಿತ್ತು, ಡಿಸ್ಕಿನ ಸಂಕೇತ ಬಿಡಿಸುವ ಎಸ್‌ಎಎ 7210 ಚಿಪ್ಪಿನಿಂದ ಪರಿವರ್ತಕಕ್ಕೆ ನೇರ ತಂತಿ ಎಳೆಯುವುದು ಹವ್ಯಾಸಿಗಳಲ್ಲಿ ಹೆಸರಾದ ಕೆಲಸ. ಕಿತ್ತ ತಕ್ಷಣ ಸೆಟ್ಟು ಸತ್ತ ಹಾಗೆ ಕೂರುತ್ತದೆ. ಕಾರಣ ಇಷ್ಟೇ: 11.2896 ಮೆಗಾಹರ್ಟ್ಸಿನ ಸ್ಫಟಿಕ 7220ರ ಕಾಲುಗಳಿಗೆ ಜೋಡಿಸಿದ್ದು, 7210ಕ್ಕೆ ತಾಳ (ಕ್ಲಾಕ್ ಸಂಕೇತ) ಹೋಗುವುದು ಅಲ್ಲಿಂದ. ತಾಳ ಹುಟ್ಟಿಸುವ ಬೇರೆ ಆಸಿಲೇಟರ್ ಬೋರ್ಡ್ ಕೊಡದೆ ಏನೂ ನಡೆಯುವುದಿಲ್ಲ. ಡಿಜಿಟಲ್ ಔಟ್‌ಪುಟ್ ಹೊರಡುವುದೂ 7220ರಿಂದಲೇ, ಅದೂ ಹೋಗುತ್ತದೆ. 20 ಕಿಲೊಹರ್ಟ್ಸಿನಲ್ಲಿ ಮೇಲ್ಸ್ವರ ಸುಮಾರು 3.2 ಡೆಸಿಬೆಲ್ ತಗ್ಗುತ್ತದೆ. ಕೆಲವರಿಗೆ ಅದು ‘ಮೃದು’ ಎಂದು ಹಿತವಾಗುತ್ತದೆ. ರುಚಿಯ ಪ್ರಶ್ನೆ ಬಿಡಿ. ಹೀಗೆ ಮಾಡಿದ ಯಂತ್ರವನ್ನು ‘ರಿಪೇರಿ ಮಾಡಿದ್ದು’ ಎಂದು ಯಾರಿಗಾದರೂ ಕೊಟ್ಟರೆ ಅವರು ನಕ್ಷೆ ಹಿಡಿದು ವಾರಗಟ್ಟಲೆ ಹುಡುಕಬೇಕಾಗುತ್ತದೆ. ‘ಮಾರ್ಪಾಡು: 7220 ಇಲ್ಲ’ ಎಂದು ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದರೆ ಒಂದು ನಿಮಿಷದಲ್ಲಿ ತಿಳಿಯುತ್ತದೆ.


ಉತ್ತರ, ಅಕ್ಕಲಕೋಟೆಯಿಂದ

ಕುಂಬಳೆಯವರ ಅಳತೆಗೋಲು ಸರಿ ಅದ. ‘ಜೀರ್ಣೋದ್ಧಾರ’ ಮಾತ್ರ ಒಪ್ಪಲಾರೆ. ನಮ್ಮ ಸೊಲ್ಲಾಪುರ ಭಾಗದಾಗ ಆ ಮಾತು ಕೇಳಿದರ ಜನ ಗುಡಿಗೆ ಪಟ್ಟಿ (ದೇಣಿಗೆ) ಎತ್ತಲಿಕ್ಕೆ ಬಂದಾರ ಅಂತ ತಿಳೀತಾರ. ಇದಕ್ಕ ‘ದುರಸ್ತಿ’ ಅಂತ ಹುರಿಗೊಂಡ ಮಾತು ಕನ್ನಡದಾಗೂ ಮರಾಠಿಯೊಳಗೂ ಅದ. ಪಾರಸಿಯ ‘ದುರುಸ್ತ್’ ಅಂದರ ಸರಿಯಾಗಿರೋದು, ನೆಟ್ಟಗಿರೋದು. ಕೆಟ್ಟದ್ದನ್ನು ಮೊದಲು ಹೆಂಗಿತ್ತೋ ಹಂಗ ಮಾಡೋದು ದುರಸ್ತಿ, ಅದರಾಗ ಹೆಚ್ಚಿನದೇನೂ ಸೇರಿಲ್ಲ. ಕೆಲಸದ ಮಿತಿ ಪದದೊಳಗೇ ಅದ. ‘ಸುಧಾರಣೆ’ಗೆ ಒಂದು ಎಚ್ಚರಿಕೆ ಹೇಳಬೇಕು. ಮರಾಠಿ ಬಲ್ಲವರು ‘ಸುಧಾರಣಾ’ ಅಂದಾಗ ತಪ್ಪು ತಿದ್ದಿದ್ದು ಅಂತಲೂ ತಿಳಿಯಬಹುದು. ಆದ್ದರಿಂದ ಮೊದಲ ಸಲ ಬರೆಯುವಾಗ ಅರ್ಥ ಬಿಡಿಸಿ ಹೇಳಿರಿ, ಆಮೇಲೆ ನಿಶ್ಚಿಂತೆಯಿಂದ ಬಳಸಬಹುದು.

ತುದಿಗೆ ಸೋಲ್ಡರ್ ಹಿಡಿಸುವ ಕೆಲಸಕ್ಕೆ ಹೆಸರು ಕೇಳಿದ್ದೀರಿ. ಮನೆಯೊಳಗೇ ಅದ: ‘ಕಲಾಯಿ’. ಹಿತ್ತಾಳೆ ಪಾತ್ರೆಯ ಒಳಗೆ ತವರ ಹಚ್ಚುವುದಕ್ಕೆ ಕನ್ನಡದಾಗ ಕಲಾಯಿ, ಮರಾಠಿಯೊಳಗ ಕಲ್ಹಈ. ಅರಬ್ಬಿಯ ಮೂಲಪದಕ್ಕೆ ತವರ ಅಂತಲೇ ಅರ್ಥ. ಕೆಲಸವೂ ಅದೇ: ಲೋಹ ಕಾಯಿಸು, ಮೇಲಿನ ಕೊಳೆ ಬಿಡಿಸು, ತವರದ ತೆಳು ಪದರ ಹಿಡಿಸು. ‘ತಂತಿಯ ತುದಿಯನ್ನು 5 ಮಿಲಿಮೀಟರ್ ಸುಲಿದು, ಎಳೆಗಳನ್ನು ಹೊಸೆದು, ಕಲಾಯಿ ಮಾಡಿ’ ಅಂತ ಬರೆದರ ಅರ್ಥವಾಗದವರು ಇಲ್ಲ. ಸೋಲ್ಡರಿಂಗ್ ಐರನ್ನಿನ ತುದಿ ಕಪ್ಪಾಗಿದ್ದರ ‘ಕಲಾಯಿ ಹೋಗಿದೆ’ ಅನ್ನಬಹುದು. ಕಲಾಯಿ ಹೋದ ತುದಿ ಶಾಖ ದಾಟಿಸೋದಿಲ್ಲ. ಅದನ್ನು ಒತ್ತಿ ಒತ್ತಿ ಹಿಡಿದರ ಹಳೆ ಬೋರ್ಡಿನ ತಾಮ್ರದ ಪಟ್ಟಿ ಅಂಟು ಬಿಟ್ಟು ಎದ್ದುಬರತದ. 25 ವಾಟಿನ ಸೋಲ್ಡರಿಂಗ್ ಐರನ್, 320ರಿಂದ 350 ಡಿಗ್ರಿಯ ತುದಿ, ಒಂದು ಬಿಂದುವಿಗೆ ಮೂರು ಸೆಕೆಂಡು. ಇಷ್ಟರಾಗ ಆಗಲಿಲ್ಲ ಅಂದರ ತುದಿ ಸ್ವಚ್ಛ ಮಾಡಬೇಕೇ ಹೊರತು ಹೊತ್ತು ಹೆಚ್ಚಿಸಬಾರದು. ತವರ 60, ಸೀಸ 40ರ ಸೋಲ್ಡರ್ ಸುಮಾರು 183 ಡಿಗ್ರಿಗೆ ಕರಗತೊಡಗತದ. ಹಳೆ ಬೋರ್ಡಿಗೆ ಅದೇ ಹೊಂದುತದ. ಸೀಸವಿಲ್ಲದ್ದು ಕರಗಲಿಕ್ಕೆ 217ರ ಮೇಲೆ ಬೇಕು.

ಆದರ ಕಲಾಯಿ ಅನ್ನುವ ಪದದ ಹಿಂದೆಯೇ ಒಂದು ಅಪಾಯವೂ ಬರತದ. ಕಲಾಯಿಗಾರರು ಕೊಳೆ ಬಿಡಿಸಲಿಕ್ಕೆ ನವಸಾಗರ ಬಳಸತಾರ. ಓದಿದವರು ‘ಹಂಗಾದರ ನವಸಾಗರವೇ ಹಾಕೋಣ’ ಅಂದುಕೊಳ್ಳಬಾರದು. ಅದರ ಉಪ್ಪು ಬೋರ್ಡಿನ ಮೇಲೆ ಉಳಿದು, ಗಾಳಿಯ ತೇವ ಹೀರಿ, ತಾಮ್ರ ತಿನ್ನತದ. ಪಾತ್ರೆಯನ್ನು ತೊಳೀತೀರಿ, ಬೋರ್ಡನ್ನು ತೊಳೆಯೋದಿಲ್ಲ. ಎಲೆಕ್ಟ್ರಾನಿಕ್ಸಿಗೆ ಪೈನ್ ಮರದ ರಾಳ, ಅಂದರೆ ರೋಸಿನ್ ಮಾತ್ರ. ‘ರಾಳ’ ಅಂತ ಬರೀಲಿಕ್ಕೆ ಅಡ್ಡಿ ಇಲ್ಲ. ನಿಮ್ಮ ಕಡೆ ಆ ಮಾತಿಗೆ ಬೇರೆ ಅರ್ಥ ಇದ್ದರ ಹೇಳಿರಿ.


ಉತ್ತರ, ಮಂಜೇಶ್ವರದಿಂದ

ಅಕ್ಕಲಕೋಟೆಯವರ ಸಂದೇಹ ಸರಿಯೇ. ನಮ್ಮಲ್ಲಿ ರಾಳ ಎಂದ ಕೂಡಲೇ ಮನಸ್ಸಿಗೆ ಬರುವುದು ಯಕ್ಷಗಾನದಲ್ಲಿ ಬಣ್ಣದ ವೇಷ ಬರುವಾಗ ದೀವಟಿಗೆಗೆ ಎರಚುವ ಪುಡಿ. ಅದನ್ನು ತಂದು ಯಾರಾದರೂ ಬೋರ್ಡಿಗೆ ಹಾಕಿಯಾರು. ‘ರೋಸಿನ್’ ಎಂದೇ ಇರಲಿ, ಸೋಲ್ಡರ್ ತಂತಿಯ ಹೊಟ್ಟೆಯೊಳಗೆ ಅದು ತುಂಬಿಯೇ ಬರುತ್ತದೆ. ‘ಬೆಸುಗೆ’ಯ ಬಗ್ಗೆಯೂ ನನ್ನ ಅಭಿಪ್ರಾಯ ಅದೇ. ಆ ಪದ ವೆಲ್ಡಿಂಗಿಗೆ ಹೋಗಿ ಆಗಿದೆ. ಗಡಿನಾಡಿನಲ್ಲಿ ಮಲಯಾಳದ ‘ಈಯ’ವೂ ಕಿವಿಗೆ ಬೀಳುತ್ತದೆ, ಆದರೆ ಅದಕ್ಕೆ ಸೀಸ ಎಂಬ ಅರ್ಥವೂ ಉಂಟು. ‘ಸೋಲ್ಡರ್’ ಮೂರು ಭಾಷೆಯವರಿಗೂ ತಿಳಿಯುತ್ತದೆ. ಸರಿಯಾಗಿ ಹಿಡಿಯದ ಸೋಲ್ಡರಿಗೆ ಮಾತ್ರ ‘ಹುಸಿ ಸೋಲ್ಡರ್’ ಎಂದು ಬರೆದರೆ ಚೆನ್ನ. ಹೊರಗಿನಿಂದ ಹಿಡಿದ ಹಾಗೆ ಕಂಡು ಒಳಗೆ ಹಿಡಿಯದೆ ಇರುವುದು ಎಂದು ‘ಹುಸಿ’ ಹೇಳಿಬಿಡುತ್ತದೆ.

‘ಲೆನ್ಸ್’ ವಿಚಾರಕ್ಕೆ ಬರುತ್ತೇನೆ. ವೀಸೀಡಿ ಕಾಲದಿಂದ ಅಂಗಡಿಗಳಲ್ಲಿ ‘ಲೆನ್ಸ್ ಹೋಗಿದೆ’ ಎಂದರೆ ಹೋದದ್ದು ಗಾಜು ಅಲ್ಲ. ಲೇಸರ್ ಡಯೋಡ್, ಬೆಳಕು ಓದುವ ಕಣ್ಣು, ಲೆನ್ಸ್, ಅದನ್ನು ಆಡಿಸುವ ಸುರುಳಿ ಎಲ್ಲವೂ ಸೇರಿದ ಇಡೀ ಘಟಕಕ್ಕೆ ಅದೇ ಹೆಸರು. ಹಾಗಾಗಿ ‘ಲೆನ್ಸ್ ಒರಸಿ’, ‘ಲೆನ್ಸ್ ಬದಲಿಸಿ’ ಎಂಬ ಎರಡು ವಾಕ್ಯಗಳಲ್ಲಿ ಎರಡು ಬೇರೆ ವಸ್ತು. ಕೈಪಿಡಿಯಲ್ಲಿ ಮೇಲೆ ಕಾಣುವ ಗಾಜಿನಂಥದ್ದಕ್ಕೆ ಮಾತ್ರ ‘ಲೆನ್ಸ್’ ಎಂದೂ, ಇಡೀ ಘಟಕಕ್ಕೆ ‘ಪಿಕಪ್’ ಎಂದೂ ಇಡಿ. ಗ್ರಾಮಫೋನಿನ ಕಾಲದಿಂದ ಪಿಕಪ್ ನಮ್ಮವರಿಗೆ ಗೊತ್ತು.

ಲೆನ್ಸ್ ಒರಸಲು ಹತ್ತಿ ಸುತ್ತಿದ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಸಾಕು, ಕಡ್ಡಿಯ ಭಾರದಲ್ಲೇ ಸವರಬೇಕು. ಲೆನ್ಸ್ ತೆಳುವಾದ ಸ್ಪ್ರಿಂಗಿನ ಮೇಲೆ ತೂಗುತ್ತಾ ಇರುತ್ತದೆ, ಒತ್ತಿದರೆ ಓರೆಯಾಗುತ್ತದೆ. ಒರಸಿದರೂ ಡಿಸ್ಕ್ ಹಿಡಿಯದಿದ್ದರೆ ಪಿಕಪ್ಪಿನ ಬದಿಯ ಸಣ್ಣ ತಿರುಪನ್ನು ತಿರುಗಿಸಿ ನೋಡುವ ಚಾಳಿ ಉಂಟು. ಅದು ಲೇಸರಿನ ಶಕ್ತಿಯ ತಿರುಪು. ಸ್ವಲ್ಪ ಹೆಚ್ಚಿಸಿದರೆ ಒಂದು ತಿಂಗಳು ಹಾಡಿ ಮತ್ತೆ ಡಯೋಡ್ ಶಾಶ್ವತವಾಗಿ ಹೋಗುತ್ತದೆ. ಆಸಿಲೋಸ್ಕೋಪ್ (ಸಂಕೇತದ ಆಕಾರ ತೋರಿಸುವ ಉಪಕರಣ) ಇಲ್ಲದೆ, ಪಿಕಪ್ಪಿನ ಸಂಕೇತದಲ್ಲಿ ವಜ್ರದಾಕಾರದ ಕಣ್ಣುಗಳು ಸ್ಪಷ್ಟವಾಗಿ ಕಾಣುತ್ತವೋ ಇಲ್ಲವೋ ಎಂದು ನೋಡದೆ ಅದನ್ನು ಮುಟ್ಟಬಾರದು. ಹಿಡಿಯದೆ ಇದ್ದದ್ದು ಮನೆಯಲ್ಲಿ ಬರೆದ ಡಿಸ್ಕ್ ಆದರೆ ಲೇಸರನ್ನು ದೂರಲೂಬಾರದು. ಅಚ್ಚಿನ ಡಿಸ್ಕಿಗಿಂತ ಅದು ಬೆಳಕನ್ನು ಕಡಿಮೆ ಹಿಂದೆ ಕಳಿಸುತ್ತದೆ, ಹಳೆ ಯಂತ್ರಕ್ಕೆ ಅಷ್ಟು ಸಾಲದೆ ಬರಬಹುದು. ‘ಕೆಂಪು ಬೆಳಕು ಕಾಣಿಸಿದರೆ ಲೇಸರ್ ಸರಿ ಇದೆ’ ಎಂಬ ಮಾತನ್ನೂ ಕೈಪಿಡಿಯಲ್ಲಿ ಬರೆಯಬೇಡಿ. ಸೀಡಿಯ ಲೇಸರ್ 780 ನ್ಯಾನೊಮೀಟರಿನದ್ದು, ಕಣ್ಣಿಗೆ ಬಹುಪಾಲು ಕಾಣದು, ಕಾಣದಿದ್ದರೂ ಕಣ್ಣನ್ನು ಕೆಡಿಸಬಲ್ಲದು. ಇಣುಕಿ ನೋಡಲೇಬಾರದು.

ಸೋನಿ ಕೆಎಸ್‌ಎಸ್ 213ರಂಥ ಹೊಸ ಪಿಕಪ್ ತಂದಾಗ ಅದರ ಸಣ್ಣ ಬೋರ್ಡಿನ ಮೇಲೆ ಎರಡು ಬಿಂದುಗಳನ್ನು ಒಂದು ಹನಿ ಸೋಲ್ಡರಿನಿಂದ ಸೇರಿಸಿರುತ್ತಾರೆ. ಮೈಯ ಸ್ಥಿರವಿದ್ಯುತ್ತಿನಿಂದ ಡಯೋಡ್ ಸಾಯದಿರಲಿ ಎಂದು ಹಾಕಿದ ಕಟ್ಟು ಅದು. ರಿಬ್ಬನ್ ಜೋಡಿಸಿದ ಮೇಲೆ ಆ ಹನಿಯನ್ನು ಹೀರಿ ತೆಗೆಯಬೇಕು. ತೆಗೆಯಲು ಮರೆತು, ‘ಹೊಸ ಪಿಕಪ್ಪೂ ಹಾಳು’ ಎಂದು ಅಂಗಡಿಗೆ ಹಿಂದೆ ಕೊಡುವವರು ಇದ್ದಾರೆ. ಇದಕ್ಕೆ ‘ಕಾವಲು ಸೋಲ್ಡರ್’ ಎಂದು ಹೆಸರಿಟ್ಟರೆ ನೆನಪಿನಲ್ಲಿ ಉಳಿಯಬಹುದು. ಇನ್ನೊಂದು: ಫಿಲಿಪ್ಸಿನ ಸಿಡಿಎಂ 1, 2, 4 ಯಂತ್ರಗಳಲ್ಲಿ ಪಿಕಪ್ ಹಳಿಯ ಮೇಲೆ ಸರಿಯುವುದಿಲ್ಲ, ಗ್ರಾಮಫೋನಿನ ತೋಳಿನ ಹಾಗೆ ಬೀಸಿ ಚಲಿಸುತ್ತದೆ. ‘ಹಳಿಗೆ ಗ್ರೀಸ್ ಹಚ್ಚಿ’ ಎಂಬ ಸೂಚನೆ ಅವಕ್ಕೆ ಸಲ್ಲದು. ‘ಬೀಸುತೋಳು’ ಮತ್ತು ‘ಹಳಿಬಂಡಿ’ ಎಂದು ಎರಡು ಜಾತಿ ಮಾಡಿ ಬರೆಯಿರಿ.

‘ಅರ್ತ್’ ಎಂಬ ಪದದಲ್ಲಿ ಪ್ರಾಣಾಪಾಯವೇ ಉಂಟು. ಬೋರ್ಡಿನ ಮೇಲೆ ಎಲ್ಲ ವೋಲ್ಟುಗಳನ್ನೂ ಅಳೆಯುವ ಸೊನ್ನೆ ಗೆರೆಗೂ ಅರ್ತ್ ಎನ್ನುತ್ತಾರೆ, ಅಂಗಳದ ಗುಂಡಿಗೆ ಇದ್ದಿಲು ಉಪ್ಪು ಹಾಕಿ ಹುಗಿದದ್ದಕ್ಕೂ ಅದೇ ಹೆಸರು. ಹಿಂದೆ ಚೌಕದೊಳಗೆ ಚೌಕದ ಗುರುತು ಇರುವ ಎರಡು ಪಿನ್ನಿನ ಸೆಟ್ಟುಗಳಿಗೆ ಮಣ್ಣಿನ ಅರ್ತ್ ಇಲ್ಲ, ಅದು ದೋಷವೂ ಅಲ್ಲ. ಎರಡು ಪದರ ಇನ್ಸುಲೇಶನ್ನಿನ ಮೇಲೆ ಅವು ನಿಂತಿವೆ. ‘ಇದನ್ನು ಅರ್ತಿಗೆ ಕೊಡಿ’ ಎಂದು ಓದಿದವನು ಗೋಡೆಯ ಮೂರನೆಯ ತೂತಿನಿಂದ ತಂತಿ ಎಳೆದು ಬೋರ್ಡಿಗೆ ಕೊಟ್ಟರೆ, ಆಂಪ್ಲಿಫೈಯರಿಗೂ ಅರ್ತ್ ಇದ್ದಲ್ಲಿ ಸುತ್ತು ಕೂಡಿ ಗುಂಯ್ ಎನ್ನಲು ಸುರುವಾಗುತ್ತದೆ. ಬೋರ್ಡಿನದ್ದಕ್ಕೆ ಕುಂಬಳೆಯವರು ಬರೆದ ‘ಸೊನ್ನೆ ಗೆರೆ’, ಹೊರಗಿನದ್ದಕ್ಕೆ ‘ಮಣ್ಣಿನ ಅರ್ತ್’. ಎರಡನ್ನೂ ಎಲ್ಲಿಯೂ ಬರೇ ‘ಅರ್ತ್’ ಎಂದು ಬರೆಯದಿರುವುದು ಒಳ್ಳೆಯದು. ಮುಚ್ಚಳ ತೆಗೆಯುವ ಮೊದಲು ಪ್ಲಗ್ ಕಿತ್ತು, ತೆಗೆದ ಮೇಲೆ ದೊಡ್ಡ ಕೆಪಾಸಿಟರುಗಳನ್ನು 1 ಕಿಲೊಓಮ್ ರೆಸಿಸ್ಟರಿನ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ಬಂತೆಂದು ನೋಡಿಯೇ ಕೈ ಹಾಕಬೇಕು ಎಂಬುದು ಮೊದಲ ಪುಟದಲ್ಲಿಯೇ ಇರಲಿ.

‘ಕಂಡೆನ್ಸರ್’, ‘ಧಾರಕ’ ಎರಡೂ ಬೇಡ. ಕಂಡೆನ್ಸರ್ ಎಂದರೆ ಫ್ಯಾನು, ಪಂಪುಸೆಟ್ಟಿನದ್ದು ನೆನಪಿಗೆ ಬರುತ್ತದೆ. ಧಾರಕ ಪರೀಕ್ಷೆ ಮುಗಿದ ಮೇಲೆ ಯಾರ ಬಾಯಲ್ಲೂ ಇಲ್ಲ. ಅಂಗಡಿಯಲ್ಲಿ ಕೇಳಿದರೆ ಸಿಗುವ ಹೆಸರು ಕೆಪಾಸಿಟರ್.


ಉತ್ತರ, ತಾಳವಾಡಿಯಿಂದ

ಮೇಲಿನ ಉತ್ತರದಲ್ಲಿ ‘ಗುಂಯ್’ ಎಂಬ ಒಂದು ಪದ ಬಂದಿದೆ. ಅದನ್ನು ಹಾಗೇ ದಾಟಿಹೋಗಬಾರದು. ಇಂಥ ಕೈಪಿಡಿಗೆ ನಮ್ಮ ಅನುಕರಣಾವ್ಯಯಗಳಷ್ಟು ಉಪಯೋಗದ ಪದಗಳು ಬೇರೆ ಇಲ್ಲ. ಶಬ್ದದಲ್ಲೇ ರೋಗದ ಹೆಸರಿದೆ, ‘ಗದ್ದಲ’ ಎಂದೋ ‘ನಾಯ್ಸ್’ ಎಂದೋ ಎಲ್ಲವನ್ನೂ ಒಂದು ಮಾಡಿದರೆ ಆ ಸುಳಿವು ಕಳೆದುಹೋಗುತ್ತದೆ.

‘ಗುಂಯ್’ ಎಂಬ ತಗ್ಗಿನ ಒಂದೇ ಸಮನಾದ ಸದ್ದು ವಿದ್ಯುತ್ತಿನದ್ದು. ಅದರಲ್ಲೂ ಎರಡಿದೆ. ಮೆತ್ತಗೆ ಗುಂಯ್‌ಗುಟ್ಟುವುದು 50 ಹರ್ಟ್ಸ್. ತಂತಿಯ ಕವಚ ಬಿಟ್ಟಿದೆ, ಅಥವಾ ಮಂಜೇಶ್ವರದವರು ಹೇಳಿದ ಅರ್ತಿನ ಸುತ್ತು ಕೂಡಿದೆ. ಸ್ವಲ್ಪ ಒರಟಾಗಿ ‘ಜುಂಯ್’ ಎಂದರೆ 100 ಹರ್ಟ್ಸ್. ಡಯೋಡುಗಳ ನಂತರದ ದೊಡ್ಡ ಕೆಪಾಸಿಟರ್ ಒಣಗಿದೆ. ದುರಸ್ತಿಗೆ ಇದೇ ಮೊದಲ ಜಾಗ. ಇಲ್ಲಿ ಆಸೆಬುರುಕತನ ಬೇಡ. 2200 ಇದ್ದ ಕಡೆ 3300 ಹಾಕಬಹುದು, 10,000 ಹಾಕಿದರೆ ಡಯೋಡುಗಳು ಕ್ಷಣಮಾತ್ರ ಬಹಳ ಹೆಚ್ಚು ಕರೆಂಟು ಎಳೆದು ತಾವೂ ಕಾಯುತ್ತವೆ, ಟ್ರಾನ್ಸ್‌ಫಾರ್ಮರೂ ತಾನೇ ಗುಂಯ್ ಎನ್ನುತ್ತದೆ. ಒಂದು ಗುಂಯ್ ಕಳೆಯಲು ಹೋಗಿ ಇನ್ನೊಂದನ್ನು ತಂದಂತಾಗುತ್ತದೆ.

‘ಸುಯ್’ ಎಂಬುದು ಮೇಲ್ಸ್ವರದ್ದು, ಆಪ್‌ಆಂಪಿನ ಸುತ್ತ ನೋಡಬೇಕು. ‘ಚಿಟಪಟ’ ಹುಸಿ ಸೋಲ್ಡರಿನದ್ದು, ಇಲ್ಲವೇ ಔಟ್‌ಪುಟ್ ಸಾಕೆಟ್ಟಿನ ಕಿಲುಬು. ಈ ‘ಕಿಲುಬು’ ಪದವನ್ನೂ ಬಿಡಬೇಡಿ. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು ಎಂದು ಕನ್ನಡ ಮೊದಲೇ ಬೇರೆ ಮಾಡಿಕೊಂಡಿದೆ; ಪಠ್ಯದ ‘ಉತ್ಕರ್ಷಣ’ಕ್ಕೆ ಆ ವಿವೇಕ ಇಲ್ಲ. ಸ್ವಿಚ್ಚು ಹಾಕುವಾಗ, ಆರಿಸುವಾಗ ‘ಟಪ್’ ಎಂದು ಸ್ಪೀಕರಿಗೆ ಹೊಡೆದರೆ ಧ್ವನಿಯ ಬಾಯಿ ಕಟ್ಟುವ (ಮ್ಯೂಟ್) ಟ್ರಾನ್ಸಿಸ್ಟರೋ ರಿಲೇಯೋ ಕೆಲಸ ಮಾಡುತ್ತಿಲ್ಲ, ಇಲ್ಲವೇ ಧ್ವನಿ ಚೆನ್ನಾಗುತ್ತದೆಂದು ಯಾರೋ ಅದನ್ನು ಕಿತ್ತಿದ್ದಾರೆ. ಕಿತ್ತದ್ದಾದರೆ ಅದು ಮಾರ್ಪಾಡಿನ ಲೆಕ್ಕಕ್ಕೆ ಬರುತ್ತದೆ, ಚೀಟಿಯಲ್ಲಿ ಇರಲೇಬೇಕು.


ಮರುಪ್ರಶ್ನೆ, ನೀರ್ಚಾಲಿನಿಂದ

ಎಲ್ಲರಿಗೂ ವಂದನೆಗಳು. ‘ದುರಸ್ತಿ, ಸುಧಾರಣೆ, ಮಾರ್ಪಾಡು’ ಎಂಬ ಮೂರನ್ನೂ ಕುಂಬಳೆಯವರ ನಕ್ಷೆಯ ಅಳತೆಗೋಲಿನೊಂದಿಗೆ ತೆಗೆದುಕೊಂಡಿದ್ದೇನೆ. ‘ಜೀರ್ಣೋದ್ಧಾರ’ ಬಿಡಲು ಸ್ವಲ್ಪ ಮನಸ್ಸು ಬರಲಿಲ್ಲ, ಪಕ್ಕಾಸಿನ ಉದಾಹರಣೆಯನ್ನು ಮಾತ್ರ ಉಳಿಸಿಕೊಂಡೆ. ಕಲಾಯಿ, ಪಿಕಪ್, ಸೊನ್ನೆ ಗೆರೆ, ಹುಸಿ ಸೋಲ್ಡರ್, ಕಾವಲು ಸೋಲ್ಡರ್, ಬೀಸುತೋಳು, ಕಿಲುಬು ಎಲ್ಲವೂ ಒಳಗೆ ಬಂದವು. ಮುಚ್ಚಳದ ಒಳಗೆ ಅಂಟಿಸುವ ಚೀಟಿಯ ಮಾದರಿ ಹೀಗೆ ಆಗಿದೆ, ತಪ್ಪಿದ್ದರೆ ತಿದ್ದಿ:

‘ದುರಸ್ತಿ: ವಿದ್ಯುತ್ ಭಾಗದ ಎಲ್ಲ ಎಲೆಕ್ಟ್ರೊಲಿಟಿಕ್ ಹೊಸತು, ಅದೇ ಅಳತೆ, 105 ಡಿಗ್ರಿ. ಔಟ್‌ಪುಟ್ ಸಾಕೆಟ್ಟಿನ ಕಿಲುಬು ತೆಗೆದಿದೆ. ಸುಧಾರಣೆ: ಆಪ್‌ಆಂಪ್ ಎನ್‌ಇ 5532 ಇದ್ದಲ್ಲಿ ಒಪಿಎ 2134, ಸಾಕೆಟ್ಟಿನ ಮೇಲೆ, ಹಳೆಯದು ಟ್ರಾನ್ಸ್‌ಫಾರ್ಮರಿನ ಪಕ್ಕ ಲಕೋಟೆಯಲ್ಲಿದೆ. ಔಟ್‌ಪುಟ್ಟಿಗೆ 4.7 ಮೈಕ್ರೊಫ್ಯಾರಡ್ ಫಿಲ್ಮ್. ಮಾರ್ಪಾಡು: ಇಲ್ಲ.’

ಇನ್ನು ಒಂದೇ ಪದ ಬಾಕಿ. ಮೊದಲ ಕಾಲದ ಕೆಲವು ಡಿಸ್ಕುಗಳಲ್ಲಿ ಮೇಲ್ಸ್ವರವನ್ನು ಸುಮಾರು 10 ಡೆಸಿಬೆಲ್ಲಿನ ತನಕ ಏರಿಸಿಯೇ ಅಚ್ಚು ಹಾಕುತ್ತಿದ್ದರು, 50 ಮತ್ತು 15 ಮೈಕ್ರೊಸೆಕೆಂಡಿನ ಲೆಕ್ಕದಲ್ಲಿ. ಡಿಸ್ಕಿನೊಳಗಿನ ಗುರುತು ನೋಡಿ ಪ್ಲೇಯರು ಅಷ್ಟನ್ನೇ ಇಳಿಸುತ್ತದೆ. ಟಿಡಿಎ 1541 ಇರುವ ಯಂತ್ರಗಳಲ್ಲಿ ಈ ಕೆಲಸ ಔಟ್‌ಪುಟ್ ಭಾಗದ ಸಣ್ಣ ರಿಲೇಯದ್ದೋ ಟ್ರಾನ್ಸಿಸ್ಟರಿನದ್ದೋ ಆಗಿರುತ್ತದೆ. ಔಟ್‌ಪುಟ್ ಭಾಗವನ್ನೇ ಬದಲಿಸಿ ಹೊಸ ಬೋರ್ಡ್ ಹಾಕಿದವರು ಇದನ್ನು ಬಿಟ್ಟುಬಿಟ್ಟರೆ ಅಂಥ ಡಿಸ್ಕುಗಳು ಮಾತ್ರ ಕಿವಿ ಇರಿಯುವ ಹಾಗೆ ಕೇಳುತ್ತವೆ, ಬೇರೆಯವು ಚೆನ್ನಾಗಿಯೇ ಇರುತ್ತವೆ, ಕಾರಣ ತಿಳಿಯದೆ ಒದ್ದಾಡುತ್ತಾರೆ. ಡಿಸ್ಕಿನಲ್ಲಿ ಏರಿಸುವುದಕ್ಕೂ ಪ್ಲೇಯರಿನಲ್ಲಿ ಇಳಿಸುವುದಕ್ಕೂ ಜೋಡಿಪದ ಬೇಕು. ‘ಆರೋಹಣ, ಅವರೋಹಣ’ ಸಂಗೀತದವು, ಗೊಂದಲವಾಗುತ್ತದೆ. ‘ಮುನ್ನೇರಿಕೆ, ಮರುಇಳಿಕೆ’ ಎಂದು ಸದ್ಯಕ್ಕೆ ಬರೆದಿದ್ದೇನೆ. ಇದಕ್ಕಿಂತ ಹಗುರಾದದ್ದು ಯಾರಿಗಾದರೂ ಹೊಳೆಯುತ್ತದೆಯೇ?


ಉತ್ತರ, ಕುಂಬಳೆಯಿಂದ

ಚೀಟಿ ಸರಿ ಉಂಟು, ತಾರೀಕು ಸೇರಿಸಿ. ಜೋಡಿಪದಕ್ಕೆ ‘ಏರುಕಟ್ಟು, ಇಳಿಕಟ್ಟು’ ಆದೀತೇ? ಕಟ್ಟು ಎಂದಾಗ ಬೇಕೆಂದೇ ಮಾಡಿದ್ದು, ಬಿಚ್ಚಲಿಕ್ಕೂ ಆಗುವಂಥದ್ದು ಎಂಬ ಅರ್ಥ ಬರುತ್ತದೆ. ಅಕ್ಕಲಕೋಟೆಯವರ ಕಿವಿಗೆ ಹೇಗೆ ಕೇಳುತ್ತದೆಂದು ತಿಳಿದ ಮೇಲೆ ಅಚ್ಚಿಗೆ ಕೊಡಿ.